ನೆತ್ತರು ಅಳೆದ ಹಾಳೆ

ನೋಡಲು ಅದೊಂದು ಸಾದಾ ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ಕೂಡಲೇ ಬಾಣಂತಿಯ ಸೊಂಟದಡಿಗೆ ಸರಿಸಿ, ಎರಡು ಪಟ್ಟಿಗಳನ್ನು ಹೊಟ್ಟೆಯ ಮೇಲೆ ಕಟ್ಟುತ್ತಾರೆ. ಹಾಳೆಯ ಕೆಳತುದಿ ಆಲಿಕೆಯ ಹಾಗೆ ಇಳಿಬಿದ್ದಿರುತ್ತದೆ. ಹೋದ ರಕ್ತವೆಲ್ಲ ಹರಿದು ಅಲ್ಲಿ ನಿಲ್ಲುತ್ತದೆ. ಆಲಿಕೆಯ ಮೇಲೆ ಮಿಲಿಲೀಟರಿನ ಗೆರೆಗಳು. ರಕ್ತ 500ರ ಗೆರೆ ಮುಟ್ಟಿತೆಂದರೆ ಅಪಾಯ ಶುರುವಾಯಿತೆಂದು ಅರ್ಥ.

ಬ್ರಾಸ್-ವಿ ಡ್ರೇಪ್ ಎಂಬ ಈ ಹಾಳೆ ಬಳಕೆಗೆ ಬಂದದ್ದು ನಮ್ಮ ಬೆಳಗಾವಿಯಲ್ಲಿ ನಡೆದ ಸಂಶೋಧನೆಯೊಂದಕ್ಕಾಗಿ. ಅದಕ್ಕೂ ಮೊದಲು ಎಷ್ಟು ರಕ್ತ ಹೋಯಿತೆಂದು ಹೇಳುತ್ತಿದ್ದುದು ಕಣ್ಣಂದಾಜಿನಲ್ಲಿ. ನೆನೆದ ಸೀರೆ, ತೊಯ್ದ ಬಟ್ಟೆ ನೋಡಿ ಊಹಿಸುವುದು. ಹಾಳೆಯ ಅಳತೆಯನ್ನೂ ಕಣ್ಣಂದಾಜನ್ನೂ ಹೋಲಿಸಿದಾಗ, ಕಣ್ಣು ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳುತ್ತಿತ್ತೆಂದು ಗೊತ್ತಾಯಿತು. ಆ ಮೂರನೇ ಒಂದು ಪಾಲು ಲೆಕ್ಕಕ್ಕೆ ಸಿಗದೆ ಎಷ್ಟು ತಾಯಂದಿರು ಹೋಗಿರಬಹುದೆಂದು ನೆನೆದರೆ ಸಂಕಟವಾಗುತ್ತದೆ.

ಸಂಶೋಧನೆಯ ಪ್ರಶ್ನೆ ಹುಟ್ಟಿದ್ದೂ ಹಳ್ಳಿಯ ಹೆರಿಗೆಯಿಂದಲೇ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಇದೆ. ಆದರೆ ಅದನ್ನು ತಂಪಾಗಿ ಇಡಬೇಕು, ಚುಚ್ಚಲು ತರಬೇತಾದ ಕೈ ಬೇಕು. ಮನೆಯಲ್ಲೋ ಉಪಕೇಂದ್ರದಲ್ಲೋ ಆಗುವ ಹೆರಿಗೆಗೆ ಇವೆರಡೂ ದೂರದ ಮಾತು. ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯನ್ನು ಬಾಯಲ್ಲಿ ಕೊಟ್ಟರೆ ಸಾಕಾದೀತೆ? ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಇದನ್ನು ಪರೀಕ್ಷಿಸಹೊರಟರು. 2002ರಿಂದ 2005ರವರೆಗೆ 1,620 ಬಾಣಂತಿಯರು ಇದರಲ್ಲಿ ಭಾಗಿಯಾದರು. ಮಾತ್ರೆ ಕೊಟ್ಟವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ ಸಿಸ್ಟರ್‌ಗಳು. ಯಾವ ಪೊಟ್ಟಣದಲ್ಲಿ ನಿಜವಾದ ಔಷಧ, ಯಾವುದರಲ್ಲಿ ಬರಿಯ ಸೋಗಿನ ಮಾತ್ರೆ ಎಂಬುದು ಕೊಡುವವರಿಗೂ ಗೊತ್ತಿರಲಿಲ್ಲ, ನುಂಗುವವರಿಗೂ ಗೊತ್ತಿರಲಿಲ್ಲ. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಸೋಗಿನ ಮಾತ್ರೆ ನುಂಗಿದವರಲ್ಲಿ ಶೇ 12 ಮಂದಿಗೆ ಅತಿ ರಕ್ತಸ್ರಾವ, ಔಷಧ ನುಂಗಿದವರಲ್ಲಿ ಶೇ 6.4. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿಕೊಂಡಿತು.

ಈ ಕತೆಯಲ್ಲಿ ಮಾತ್ರೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ಆಸರೆಯ ಬಗ್ಗೆ ಹೇಳುವವರು ಕಡಿಮೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಒಂದು ಅಂಗ ಮತ್ತು ಗೇಟ್ಸ್ ಪ್ರತಿಷ್ಠಾನ ಸೇರಿ 2001ರಲ್ಲಿ ತಾಯಿ ಮಕ್ಕಳ ಆರೋಗ್ಯ ಸಂಶೋಧನೆಗೆಂದು ‘ಗ್ಲೋಬಲ್ ನೆಟ್‌ವರ್ಕ್’ ಕಟ್ಟಿದವು. ಸ್ಥಳೀಯ ಸಂಶೋಧಕರೊಬ್ಬರಿಗೆ ಅಮೆರಿಕದ ಸಂಶೋಧಕರೊಬ್ಬರ ಜೋಡಿ, ಇದು ಅದರ ಪದ್ಧತಿ. ಹಣ ಹೋದದ್ದು ಮುಖ್ಯವಾಗಿ ಜನಕ್ಕೆ: ಸಿಸ್ಟರ್‌ಗಳಿಗೆ ಸಮ್ಮತಿ ಕೇಳುವುದನ್ನು, ಗೆರೆ ಓದುವುದನ್ನು, ಓದಿದ್ದನ್ನು ಅಲ್ಲೇ ಬರೆದಿಡುವುದನ್ನು ಕಲಿಸಲು. ಪ್ರಯೋಗ ಮುಗಿದ ಮೇಲೂ ಆ ಕಲಿಕೆ ಊರಲ್ಲೇ ಉಳಿಯಿತು. ಗರ್ಭಿಣಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ದಿನ ತುಂಬದ ಹೆರಿಗೆ ಕಡಿಮೆಯಾಗುತ್ತದೆಂದು 2020ರಲ್ಲಿ ತೋರಿಸಿದ ಆರು ದೇಶಗಳ ಅಧ್ಯಯನದಲ್ಲೂ ಬೆಳಗಾವಿ ಇತ್ತು. ಒಂದು ಪ್ರಯೋಗಕ್ಕೆ ದುಡ್ಡು ಕೊಟ್ಟು ಕೈತೊಳೆದುಕೊಂಡಿದ್ದರೆ ಇದು ಆಗುತ್ತಿರಲಿಲ್ಲ.

ನಮ್ಮದೇ ದೇಶದ ಆಸರೆಯೂ ಇದೆ. 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಎಂದು ಶುರುವಾಗಿ 1949ರಲ್ಲಿ ಹೊಸ ಹೆಸರು ಪಡೆದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅನುದಾನ, ಫೆಲೋಶಿಪ್ ಎರಡನ್ನೂ ಕೊಡುತ್ತದೆ. ಚೆನ್ನೈನಲ್ಲಿರುವ ಅದರ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆ ನಡೆಸುವ ಆನ್‌ಲೈನ್ ಸಂಶೋಧನಾ ಕೋರ್ಸನ್ನು ಎಂಡಿ, ಎಂಎಸ್ ಓದುವವರು ಕಡ್ಡಾಯವಾಗಿ ಮುಗಿಸಬೇಕು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008–09ರಲ್ಲಿ ಕಟ್ಟಿದ ‘ಇಂಡಿಯಾ ಅಲಯನ್ಸ್’ ಹೈದರಾಬಾದಿನಿಂದ ಕೆಲಸ ಮಾಡುತ್ತದೆ. ಅದು ವೈದ್ಯರಿಗೆ ಐದು ವರ್ಷಗಳ ಫೆಲೋಶಿಪ್ ಕೊಡುತ್ತದೆ, ಸಂಶೋಧನೆಯನ್ನು ತಿಳಿಯುವಂತೆ ಬರೆಯುವುದನ್ನೂ ಕಲಿಸುತ್ತದೆ. ನನಗೆ ಇವುಗಳಲ್ಲಿ ದೊಡ್ಡದೆನಿಸುವುದು ಮೊತ್ತಕ್ಕಿಂತ ಆ ಐದು ವರ್ಷ. ಹೊರರೋಗಿಗಳ ಸಾಲು ಮುಗಿಸಿ, ವಾರ್ಡ್ ಸುತ್ತಿ, ಪಾಠ ಮಾಡಿ ಬಂದ ವೈದ್ಯರಿಗೆ ಪ್ರಶ್ನೆಯೊಂದರ ಎದುರು ಕೂರಲು ಹೊತ್ತೇ ಇರುವುದಿಲ್ಲ. ಆ ಹೊತ್ತನ್ನು ಯಾರಾದರೂ ಕೊಂಡುಕೊಡಬೇಕು.

ಇವೆಲ್ಲದರಲ್ಲಿ ನನಗೆ ಹೆಚ್ಚು ಪ್ರೀತಿ ಐಸಿಎಂಆರ್‌ನ ಅತಿ ಚಿಕ್ಕ ಯೋಜನೆಯ ಮೇಲೆ. 1979ರಲ್ಲಿ ಶುರುವಾದ ಅಲ್ಪಾವಧಿ ವಿದ್ಯಾರ್ಥಿವೇತನ ಅದು. ಎಂಬಿಬಿಎಸ್ ಓದುತ್ತಿರುವವರು ಒಬ್ಬ ಮಾರ್ಗದರ್ಶಕರನ್ನು ಹಿಡಿದು, ತಮ್ಮದೇ ಪ್ರಶ್ನೆ ಬರೆದು ಕಳಿಸಬೇಕು. ಒಪ್ಪಿಗೆ ಸಿಕ್ಕರೆ ಎರಡು ತಿಂಗಳ ಕೆಲಸ, ಕೊನೆಗೊಂದು ವರದಿ. ಎಷ್ಟು ಜನರನ್ನು ಮಾತಾಡಿಸಿದರೆ ಸಾಕು, ನೈತಿಕ ಸಮಿತಿಗೆ ಏನು ಹೇಳಬೇಕು, ಸಮ್ಮತಿ ಪತ್ರ ಯಾವ ಭಾಷೆಯಲ್ಲಿರಬೇಕು ಎಂಬ ಪ್ರಶ್ನೆಗಳು ಎಳೆಯ ವೈದ್ಯರಿಗೆ ಮೊದಲು ಎದುರಾಗುವುದು ಇಲ್ಲೇ. ಪಠ್ಯದ ಗುಂಗಿನಲ್ಲಿ ‘ಪ್ರಸವೋತ್ತರ ರಕ್ತಸ್ರಾವ’ ಎಂದು ಬರೆದದ್ದನ್ನು ಹಳ್ಳಿಯ ಸಿಸ್ಟರ್ ಓದಿದರೆ ಏನಾಗುತ್ತದೆ? ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿ, ಮೇಲೆ ‘ಹಡದ ಮ್ಯಾಲೆ ರಕ್ತ ಹೋಗೂದು’ ಎಂದು ಬರೆಯುತ್ತಾರೆ.