ನಾಲ್ಕು ದಿನದ ಮಟ್ಟಿಗೆ ರೀಪರ್
ಗ್ಯಾರೇಜ್ ಬಾಗಿಲ ಪಕ್ಕ ಗಾರೆ ಉದುರಿದೆ. ಹೊಸ ಗಾರೆಯ ಅಂಚು ನೇರ ಬರಲು ಮರದ ರೀಪರ್ ನಿಲ್ಲಿಸಬೇಕು, ಆಮೇಲೆ ತೆಗೆಯಲೂಬೇಕು. ಇಷ್ಟಕ್ಕೆ ಆಂಕರ್ ಬೋಲ್ಟ್ ಯಾಕೆ? ಮೊಳೆ ಮತ್ತು ಕಂಬಿ ಕಟ್ಟುವ ಬೈಂಡಿಂಗ್ ವೈರ್ ಸಾಕು.

ರೀಪರನ್ನು ಗೋಡೆಗೆ ಒತ್ತಿ ಹಿಡಿದು, ಹ್ಯಾಮರ್ ಡ್ರಿಲ್‌ನಿಂದ ಮರದ ಮೂಲಕವೇ ಇಟ್ಟಿಗೆಗೆ ತೂತು ಕೊರೆಯಿರಿ. ಡ್ರಿಲ್ ಬಿಟ್ ಮೊಳೆಯಷ್ಟೇ ದಪ್ಪ ಇರಲಿ. ಪುಡಿ ಊದಿ ತೆಗೆಯಿರಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ! ಈಗ ತೂತಿನೊಳಗೆ ವೈರ್ ಇಳಿಸಿ, ತುದಿ ಹೊರಗೆ ಬಿಟ್ಟು, ಮೊಳೆ ಹೊಡೆಯಿರಿ. ಒಳಗೆ ತಂತಿ ಜಜ್ಜಿಹೋಗಿ ಮೊಳೆಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತೆ. ಮೊಳೆಯ ತಲೆ ಅರ್ಧ ಇಂಚು ಹೊರಗಿರಲಿ. ಕೀಳುವಾಗ ಸುತ್ತಿಗೆಗೆ ಹಿಡಿತ ಬೇಕಲ್ಲ.

ಹಾಲೋ ಬ್ಲಾಕ್ ಗೋಡೆಯಾದರೆ ಈ ಉಪಾಯ ಬೇಡ, ಒಳಗೆಲ್ಲ ಟೊಳ್ಳು. ಲಿಂಟಲ್ ಭಾರಕ್ಕಂತೂ ಇದನ್ನು ನಂಬಲೇಬೇಡಿ, ಅಲ್ಲಿಗೆ ಜಾಕಿಯೇ ಬೇಕು.

ಕೆಲಸ ಮುಗಿದ ಮೇಲೆ ಮೊಳೆ, ತಂತಿ ಎರಡನ್ನೂ ಕಿತ್ತು, ತೂತಿಗೆ ಸಿಮೆಂಟ್ ಮೆತ್ತಿ.