ಅಪ್ಪನ ಫೈಲು ಹುಡುಕಿಕೊಂಡು ಹೊರಟಾಗ

‘ಯಾವುದಾದ್ರೂ ಇಂಜೆಕ್ಷನ್ನು, ಮಾತ್ರೆ ಮೈಗೆ ಆಗದೇ ಇದ್ದದ್ದು ಇದೆಯಾ ಯಜಮಾನ್ರೇ?’

ತುಮಕೂರಿನ ನರ್ಸಿಂಗ್ ಹೋಮ್‌ನಲ್ಲಿ ಅರಿವಳಿಕೆ ಡಾಕ್ಟರ್ ಕೇಳಿದ್ದು ಇಷ್ಟೇ. ಅಪ್ಪನಿಗೆ ಎಪ್ಪತ್ನಾಲ್ಕು ವರ್ಷ. ಮರುದಿನ ಬೆಳಿಗ್ಗೆ ಹರ್ನಿಯಾ ಆಪರೇಷನ್ ಎಂದು ನಿಗದಿಯಾಗಿತ್ತು. ಅಪ್ಪ ಒಂದು ಕ್ಷಣ ಯೋಚಿಸಿ, ‘ಬೆಂಗಳೂರಲ್ಲಿ ಪಿತ್ತಕೋಶದ ಆಪರೇಷನ್ ಆದಾಗ ಯಾವುದೋ ಇಂಜೆಕ್ಷನ್ ಕೊಟ್ರು. ಮೈಯೆಲ್ಲ ದದ್ದು ಎದ್ದುಬಿಡ್ತು’ ಅಂದರು.

ಯಾವ ಇಂಜೆಕ್ಷನ್?

‘ಅದೆಲ್ಲ ನಿಮ್ಮಮ್ಮಂಗೆ ಗೊತ್ತಿತ್ತು ಕಣಮ್ಮ’ ಎಂದು ನನ್ನ ಕಡೆ ನೋಡಿದರು. ಅಮ್ಮ ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು.

ಡಾಕ್ಟರ್ ಹಳೆಯ ಡಿಸ್ಚಾರ್ಜ್ ಸಮರಿ ಕೇಳಿದರು. ಪುಣ್ಯಕ್ಕೆ ಅದು ಸಿಕ್ಕಿತು. ಅದರಲ್ಲಿ ಅಲರ್ಜಿ ಎಂಬ ಕಡೆ ‘ಇಲ್ಲ’ ಎಂದು ಟೈಪಾಗಿತ್ತು. ‘ಕಾಗದ ಇಲ್ಲ ಅನ್ನುತ್ತೆ, ಇವರು ಆಗಿತ್ತು ಅಂತಾರೆ. ನಾನು ಯಾವುದನ್ನ ನಂಬಲಿ? ಅಲ್ಲಿಂದ ಪೂರ್ತಿ ಕೇಸ್ ಶೀಟ್ ತರಿಸಿ. ಹರ್ನಿಯಾ ಒಂದು ವಾರ ಕಾಯುತ್ತೆ’ ಎಂದು ಆಪರೇಷನ್ ಮುಂದೂಡಿದರು. ಆಗ ನನಗೆ ಸಿಟ್ಟೇ ಬಂದಿತ್ತು. ಆಫೀಸಿಗೆ ರಜಾ ಹಾಕಿ ಬಂದಿದ್ದೆನಲ್ಲ!

ನಮ್ಮ ಮನೆಯ ಆಸ್ಪತ್ರೆ ಕಾಗದಗಳೆಲ್ಲ ಇದ್ದದ್ದು ಸೀರೆ ಅಂಗಡಿಯ ಒಂದು ದಪ್ಪ ಕವರಿನಲ್ಲಿ. ಬೀರುವಿನ ಪಕ್ಕದ ಮೊಳೆಗೆ ಅಮ್ಮ ಅದನ್ನು ನೇತು ಹಾಕುತ್ತಿದ್ದಳು. ಯಾವ ಚೀಟಿ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. ಅವಳಿಲ್ಲದ ಮೇಲೆ ಅದು ಬರೀ ಕಾಗದದ ಮೂಟೆ. ಸುರಿದು ನೋಡಿದರೆ ಮೆಡಿಕಲ್ ಶಾಪಿನ ಬಿಲ್ಲುಗಳು, ದಿನಾಂಕವೇ ಇಲ್ಲದ ಚೀಟಿಗಳು, ಯಾರದೆಂದು ಗೊತ್ತಾಗದ ಒಂದು ಎಕ್ಸ್‌ರೇ. ಜೊತೆಗೆ ಲ್ಯಾಮಿನೇಷನ್ ಮಾಡಿಸಿದ, ಪೂರ್ತಿ ಕಪ್ಪಾದ ಒಂದು ಹಾಳೆ. ಅದು ಅಪ್ಪನ ಹಳೆಯ ಇಸಿಜಿ! ಭದ್ರವಾಗಿರಲಿ ಎಂದು ರೇಷನ್ ಕಾರ್ಡಿನ ಜೊತೆ ಅದನ್ನೂ ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದರಂತೆ. ಇಸಿಜಿ ತೆಗೆಯುವ ಕಾಗದ ಬಿಸಿ ತಾಗಿದರೆ ಕಪ್ಪಾಗುವಂಥದ್ದು, ಅಕ್ಷರ ಮೂಡುವುದೇ ಹಾಗೆ. ಲ್ಯಾಮಿನೇಷನ್ ಮೆಷಿನ್ನಿಗೆ ಹಾಕಿದರೆ ಹಾಳೆಯೆಲ್ಲ ಮಸಿ. ಸುಮ್ಮನೆ ಇಟ್ಟರೂ ವರ್ಷ ಕಳೆದಂತೆ ಗೆರೆಗಳು ಮಾಸಿಹೋಗುತ್ತವೆ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಕೊಡುವ ಮಿರುಗುವ ಫೋಟೊಗಳೂ ಇದೇ ಜಾತಿ. ಕೈಗೆ ಬಂದ ದಿನವೇ ಒಂದು ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಮರುದಿನ ಅಪ್ಪನ ಡಿಸ್ಚಾರ್ಜ್ ಸಮರಿ ಹಿಡಿದು ಬೆಂಗಳೂರಿನ ಆ ಆಸ್ಪತ್ರೆಗೆ ಹೋದೆ. ರಿಸೆಪ್ಷನ್ನಿನಿಂದ ಬಿಲ್ಲಿಂಗ್, ಬಿಲ್ಲಿಂಗ್‌ನಿಂದ ಇನ್ನೊಂದು ಕೌಂಟರ್. ಕೊನೆಗೊಬ್ಬ ಸೆಕ್ಯೂರಿಟಿಯವರು ‘ಎಂ.ಆರ್.ಡಿ.ಗೆ ಹೋಗಿ ಮೇಡಂ, ಬೇಸ್‌ಮೆಂಟ್‌ನಲ್ಲಿದೆ’ ಎಂದರು. ಎಂ.ಆರ್.ಡಿ. ಎಂದರೆ ಮೆಡಿಕಲ್ ರೆಕಾರ್ಡ್ಸ್ ಡಿಪಾರ್ಟ್‌ಮೆಂಟ್. ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಇಂಥದ್ದೊಂದು ವಿಭಾಗ ಇರುತ್ತದೆ. ನೇರವಾಗಿ ಇದರ ಹೆಸರು ಹೇಳಿ ಕೇಳಿದರೆ ನನ್ನ ಹಾಗೆ ಅರ್ಧ ದಿನ ಅಲೆಯಬೇಕಿಲ್ಲ.

ಅಲ್ಲಿದ್ದ ಹುಡುಗ ತಲೆ ಎತ್ತದೆ, ‘ಕೇಸ್ ಶೀಟೆಲ್ಲ ಕೊಡಲ್ಲ ಮೇಡಂ. ಪೊಲೀಸ್ ಕೇಸೋ, ಇನ್ಶೂರೆನ್ಸೋ ಇದ್ರೆ ಮಾತ್ರ’ ಅಂದ.

ನಾನು ಮೊದಲಿನ ಹಾಗೇ ಇದ್ದಿದ್ದರೆ ‘ಸರಿ’ ಎಂದು ವಾಪಸು ಬರುತ್ತಿದ್ದೆ. ಆದರೆ ಹಿಂದಿನ ರಾತ್ರಿ ನಮ್ಮ ಪಕ್ಕದ ಮನೆಯ ವಕೀಲರು ಒಂದು ಮಾತು ಕಿವಿಗೆ ಹಾಕಿದ್ದರು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡತೆ ನಿಯಮಗಳ ಪ್ರಕಾರ ರೋಗಿ ಅಥವಾ ರೋಗಿ ಒಪ್ಪಿಗೆ ಕೊಟ್ಟವರು ದಾಖಲೆ ಕೇಳಿದರೆ, ಅರ್ಜಿ ಬಂದಿದೆ ಎಂದು ಸ್ವೀಕೃತಿ ಕೊಟ್ಟು, 72 ಗಂಟೆಯೊಳಗೆ ದಾಖಲೆ ಕೊಡಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ಇದೆ ಈ ಹಕ್ಕು. ಕೇಳಲು ಕಾರಣ ಹೇಳಬೇಕೆಂದೇನೂ ಇಲ್ಲ. ಜೆರಾಕ್ಸ್ ಖರ್ಚು ನಮ್ಮದು, ಅಷ್ಟೇ.

ಜಗಳ ಮಾಡಲಿಲ್ಲ. ಅಲ್ಲೇ ಕುಳಿತು ಬಿಳಿ ಹಾಳೆಯಲ್ಲಿ ಅರ್ಜಿ ಬರೆದೆ. ಅಪ್ಪನ ಹೆಸರು, ವಯಸ್ಸು, ದಾಖಲಾದ ಮತ್ತು ಬಿಡುಗಡೆಯಾದ ದಿನ, ಡಿಸ್ಚಾರ್ಜ್ ಸಮರಿಯ ಮೇಲಿದ್ದ ಐ.ಪಿ. ನಂಬರ್. ‘ಪೂರ್ತಿ ಒಳರೋಗಿ ಕಡತದ ನಕಲು ಬೇಕು, ಅರಿವಳಿಕೆ ಟಿಪ್ಪಣಿ, ನರ್ಸ್‌ಗಳ ಟಿಪ್ಪಣಿ, ಔಷಧಿ ಚಾರ್ಟ್ ಸೇರಿ’ ಎಂದು ಬಿಡಿಸಿ ಬರೆದೆ. ಬರೀ ‘ದಾಖಲೆ ಕೊಡಿ’ ಎಂದರೆ ಡಿಸ್ಚಾರ್ಜ್ ಸಮರಿಯ ಇನ್ನೊಂದು ಪ್ರತಿ ಕೊಟ್ಟು ಕಳಿಸುತ್ತಾರೆ ಎಂದು ವಕೀಲರು ಮೊದಲೇ ಎಚ್ಚರಿಸಿದ್ದರು. ಅಪ್ಪ ಸಹಿ ಮಾಡಿದ ಒಪ್ಪಿಗೆ ಪತ್ರ, ಇಬ್ಬರ ಆಧಾರ್ ಪ್ರತಿ ಲಗತ್ತಿಸಿ, ‘ನನ್ನ ಪ್ರತಿಗೆ ಸೀಲು, ತಾರೀಖು ಹಾಕಿಕೊಡಿ’ ಎಂದೆ. ಸೀಲಿನ ಮಾತು ಬಂದ ಕೂಡಲೇ ಹುಡುಗ ಎದ್ದು ಒಳಗೆ ಹೋಗಿ ಹಿರಿಯರೊಬ್ಬರನ್ನು ಕರೆತಂದ. ಅವರು ಅರ್ಜಿ ಓದಿ, ‘ನಾಳಿದ್ದು ಮಧ್ಯಾಹ್ನ ಬನ್ನಿ ತಾಯಿ’ ಎಂದರು. ಮುಗಿಯಿತು!

ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು: ‘ನೀವು ಬೇಗ ಬಂದ್ರಿ. ಮೂರು ವರ್ಷ ದಾಟಿದ್ರೆ ಸಿಗೋದು ಕಷ್ಟವಿತ್ತು.’ ಅದೇ 2002ರ ನಿಯಮದಲ್ಲಿ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಕಾಪಾಡಬೇಕು ಎಂದಿದೆ. ಆಮೇಲೂ ಇಟ್ಟುಕೊಳ್ಳುವ ಆಸ್ಪತ್ರೆಗಳಿವೆ, ಆದರೆ ಅದನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ. ಅಪ್ಪನ ಆಪರೇಷನ್ ಆಗಿ ಆಗಲೇ ಎರಡೂವರೆ ವರ್ಷವಾಗಿತ್ತು.

ಅರವತ್ತೊಂದು ಪುಟ ಬಂತು, ಪುಟಕ್ಕೆ ಐದು ರೂಪಾಯಿ. ಬಸ್ಸಿನಲ್ಲೇ ಬಿಡಿಸಿಕೊಂಡು ಕುಳಿತೆ. ಡಾಕ್ಟರ ಅಕ್ಷರ ಓದುವುದು ನನ್ನಿಂದಾಗಲಿಲ್ಲ. ಆದರೆ ಔಷಧಿ ಚಾರ್ಟಿನ ಎರಡನೇ ದಿನದ ಸಾಲೊಂದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ಅದೇ ದಿನದ ನರ್ಸ್ ಟಿಪ್ಪಣಿಯಲ್ಲಿ ದುಂಡಗೆ ಬರೆದಿತ್ತು: ಸೆಫ್‌ಟ್ರಿಯಾಕ್ಸೋನ್ ಕೊಟ್ಟ ಮೇಲೆ ಮೈಮೇಲೆ ದದ್ದು, ತುರಿಕೆ, ಡಾಕ್ಟರಿಗೆ ತಿಳಿಸಿದೆ, ಔಷಧಿ ನಿಲ್ಲಿಸಿ ಎವಿಲ್ ಕೊಟ್ಟಿದೆ. ರಾತ್ರಿ ಪಾಳಿಯ ಯಾವ ಹೆಣ್ಣುಮಗಳು ಅದನ್ನು ಬರೆದಳೋ, ಅವಳ ಕೈ ತಂಪಾಗಿರಲಿ. ಬಿಡುಗಡೆ ದಿನ ಸಮರಿ ಟೈಪು ಮಾಡಿದವರ ಕಣ್ಣಿಗೆ ಮಾತ್ರ ಅದು ಬಿದ್ದೇ ಇರಲಿಲ್ಲ.

ತುಮಕೂರಿನ ಡಾಕ್ಟರ್ ಆ ಪುಟ ನೋಡಿ ಅಪ್ಪನ ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆದರು. ‘ನಮ್ಮಲ್ಲೂ ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಇದನ್ನೇ ಕೊಡೋದು. ಎರಡನೇ ಸಲ ಬರೀ ದದ್ದಿಗೇ ನಿಲ್ಲುತ್ತೆ ಅಂತ ಹೇಳೋಕಾಗಲ್ಲ’ ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಆ ಕಡತದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಅಭ್ಯಾಸಗಳು ಎಂಬ ಕಾಲಂನಲ್ಲಿ ‘ಬೀಡಿ, 15 ವರ್ಷ, ಈಗ ಬಿಟ್ಟಿದ್ದಾರೆ’ ಎಂದಿತ್ತು. ಅಪ್ಪ ಬೀಡಿ ಮುಟ್ಟಿದವರೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ! ಡಾಕ್ಟರ ಮುಂದೆ ಮಾತ್ರ ನಿಜ ಹೇಳಿದ್ದರು. ತಮ್ಮನಿಗೆ ವಾಟ್ಸಾಪಿನಲ್ಲಿ ಎಲ್ಲ ಪುಟ ಕಳಿಸಲು ಹೊರಟವಳು ಕೈ ಹಿಂದೆಗೆದೆ. ಒಯ್ದು ತಂದವಳು ನಾನಾದರೂ ಕಾಗದ ಅಪ್ಪನದು. ಫ್ಯಾಮಿಲಿ ಗ್ರೂಪಿಗೆ ರಿಪೋರ್ಟ್ ಹಾಕುವ ಚಾಳಿ ನಮ್ಮಲ್ಲಿ ಬಹಳ ಜನಕ್ಕಿದೆ. ಅದು ಎಲ್ಲೆಲ್ಲಿಗೆ ಫಾರ್ವರ್ಡ್ ಆಗುತ್ತದೋ ಯಾರಿಗೆ ಗೊತ್ತು.

ಸರ್ಕಾರಿ ಆಸ್ಪತ್ರೆಯಾದರೆ ಅರ್ಜಿಯನ್ನು ವೈದ್ಯಕೀಯ ಅಧೀಕ್ಷಕರಿಗೆ ಬರೆಯಬೇಕು. ಅಲ್ಲಿ ಆಗಲಿಲ್ಲವೆಂದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಮ್ಮದೇ ದಾಖಲೆ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಖಾಸಗಿಯವರು ಸತಾಯಿಸಿದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಕೆ.ಪಿ.ಎಂ.ಇ. ಪ್ರಾಧಿಕಾರಕ್ಕೆ ದೂರು ಕೊಡಬಹುದು, ಗ್ರಾಹಕರ ಆಯೋಗವೂ ಇದೆ. ಇದಕ್ಕೆಲ್ಲ ಬುನಾದಿ ಆ ಸೀಲು ಹಾಕಿದ ಪ್ರತಿಯೇ.

‘ಈಗೆಲ್ಲ ಆಭಾ ಕಾರ್ಡ್ ಇದೆಯಲ್ಲಕ್ಕ, ಈ ಕಾಗದ ಯಾಕೆ?’ ಎಂದ ತಮ್ಮ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಶುರುವಾದದ್ದು 2021ರ ಸೆಪ್ಟೆಂಬರ್‌ನಲ್ಲಿ. ಆಧಾರ್ ಇದ್ದರೆ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಪುಕ್ಕಟೆ ಸಿಗುತ್ತದೆ. ಅಪ್ಪನಿಗೂ ಮಾಡಿಸಿದೆ. ಅದಕ್ಕೆ ಮೊದಲು ಆಧಾರಿಗೆ ಜೋಡಿಸಿದ್ದ, ಎಂದೋ ಬಂದಾದ ಫೋನ್ ನಂಬರ್ ಬದಲಿಸಲು ಒಂದು ದಿನ ಹೋಯಿತು. ಉಪಯೋಗ ಇದೆ. ಇದಕ್ಕೆ ಸೇರಿರುವ ಆಸ್ಪತ್ರೆ, ಲ್ಯಾಬ್‌ಗಳು ನಮ್ಮ ಸಂಖ್ಯೆಗೆ ಜೋಡಿಸಿದ ರಿಪೋರ್ಟುಗಳು ಫೋನಿನ ಆ್ಯಪಿನಲ್ಲಿ ಸಿಗುತ್ತವೆ, ನಾವು ಒಪ್ಪಿದರಷ್ಟೇ ಬೇರೆ ಡಾಕ್ಟರಿಗೆ ಕಾಣುತ್ತವೆ, ಕೊಟ್ಟ ಒಪ್ಪಿಗೆಯನ್ನು ವಾಪಸೂ ಪಡೆಯಬಹುದು. ಆದರೆ ಕಾರ್ಡ್ ಮಾಡಿಸಿದ ಮಾತ್ರಕ್ಕೆ ಹಳೆಯ ಕಡತಗಳು ತಾವಾಗಿ ನಡೆದುಕೊಂಡು ಬಂದು ಅದರೊಳಗೆ ಕೂರುವುದಿಲ್ಲ. ಅವನ್ನು ನಾವೇ ಫೋಟೊ ತೆಗೆದು ಸೇರಿಸಬೇಕು. ಓಟಿಪಿ ಕೇಳಿ ಯಾರಾದರೂ ಫೋನ್ ಮಾಡಿದರೆ ಕೊಡಬೇಡಿ ಎಂದು ಅಪ್ಪನಿಗೆ ಮೂರು ಸಲ ಹೇಳಿದ್ದೇನೆ.

ಸೀರೆ ಅಂಗಡಿಯ ಕವರಿನ ಜಾಗದಲ್ಲಿ ಈಗ ಒಂದು ಉಕ್ಕಿನ ಕ್ಲಿಪ್ಪಿನ ಫೈಲಿದೆ. ಹೊಸದು ಮೇಲೆ, ಹಳೆಯದು ಕೆಳಗೆ. ಮೊದಲ ಹಾಳೆ ನಾನೇ ಕನ್ನಡದಲ್ಲಿ ಬರೆದದ್ದು: ಈಗಿನ ಮಾತ್ರೆಗಳು, ಆದ ಆಪರೇಷನ್‌ಗಳು, ಮೈಗಾಗದ ಔಷಧಿ, ನಮ್ಮಿಬ್ಬರ ಫೋನ್ ನಂಬರ್. ಔಷಧಿ ಹೆಸರು ಮಾತ್ರ ಸ್ಟ್ರಿಪ್ ನೋಡಿ ಇಂಗ್ಲಿಷಿನಲ್ಲೇ ಬರೆದೆ, ಕಂಪನಿ ಇಟ್ಟ ಹೆಸರಿನ ಜೊತೆ ಕೆಳಗಿರುವ ಸಣ್ಣ ಅಕ್ಷರದ ಮೂಲ ಹೆಸರನ್ನೂ. ಇನ್ಶೂರೆನ್ಸಿನವರು ಅಸಲಿ ಕಾಗದ ಕೇಳುತ್ತಾರಲ್ಲ, ಕೊಡುವ ಮೊದಲು ಎಲ್ಲದರ ಪ್ರತಿ ತೆಗೆದಿಡುವುದನ್ನೂ ಕಲಿತಿದ್ದೇನೆ. ಸ್ಕ್ಯಾನಿನ ಸಿ.ಡಿ.ಯನ್ನು ಸೈಬರ್ ಸೆಂಟರಿನ ಹುಡುಗನ ಹತ್ತಿರ ಪೆನ್‌ಡ್ರೈವ್‌ಗೆ ಹಾಕಿಸಿದೆ, ನಮ್ಮ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಜಾಗವೇ ಇಲ್ಲ.

ಹರ್ನಿಯಾ ಆಪರೇಷನ್ ಬೇರೆ ಇಂಜೆಕ್ಷನ್ ಕೊಟ್ಟು ಸುಸೂತ್ರವಾಗಿ ಆಯಿತು. ಮನೆಗೆ ಬಂದ ಮೂರನೇ ದಿನ ಅಪ್ಪ ಕನ್ನಡಕ ಹಾಕಿಕೊಂಡು ಆ ಅರವತ್ತೊಂದು ಪುಟ ತಿರುವಿ ಹಾಕುತ್ತಿದ್ದರು. ಒಂದು ಕಡೆ ನಿಂತರು. ನಾನು ಅಡುಗೆಮನೆಯಿಂದ ನೋಡಿಯೂ ನೋಡದ ಹಾಗಿದ್ದೆ.

‘ನಿನ್ನ ತಮ್ಮನಿಗೆ ಇದನ್ನ ಕಳಿಸಿದೀಯೇನೇ?’

‘ಇಲ್ಲಪ್ಪ.’

‘ಹ್ಞೂಂ’ ಎಂದು ಪುಟ ಮಗುಚಿದರು.