ದಮ್ಮನ್ನು ಅಳೆಯುವ ಬಗೆ

ಮೈ ತುಂಬಿದವಳನ್ನು ಬಲಿಷ್ಠಳೆಂದೂ ತೆಳ್ಳಗಿರುವವಳನ್ನು ದುರ್ಬಲಳೆಂದೂ ಎಣಿಸುವುದು ಲೋಕದ ವಾಡಿಕೆ. ಆದರೆ ಈ ವಿಷಯದಲ್ಲಿ ಕಣ್ಣಳತೆಯು ನಮ್ಮನ್ನು ಅನೇಕ ವೇಳೆ ವಂಚಿಸುತ್ತದೆ. ದೇಹವು ದುಡಿಯುವಾಗ ಸ್ನಾಯುಗಳಿಗೆ ಪ್ರಾಣವಾಯುವು ಬೇಕು. ಶ್ವಾಸಕೋಶಗಳು ಅದನ್ನು ಗಾಳಿಯಿಂದ ಸೆಳೆದುಕೊಳ್ಳುತ್ತವೆ, ರಕ್ತವು ಹೊರುತ್ತದೆ, ಹೃದಯವು ಆ ರಕ್ತವನ್ನು ಅಂಗಾಂಗಗಳಿಗೆ ನೂಕುತ್ತದೆ. ಒಂದು ನಿಮಿಷದಲ್ಲಿ ದೇಹವು ಹೆಚ್ಚೆಂದರೆ ಎಷ್ಟು ಪ್ರಾಣವಾಯುವನ್ನು ಉಪಯೋಗಿಸಬಲ್ಲುದೋ ಅದೇ ಆಡುಮಾತಿನಲ್ಲಿ ನಾವು ಹೇಳುವ ದಮ್ಮಿನ ಅಳತೆಯು. ಇಂಗ್ಲೆಂಡಿನ ಎ. ವಿ. ಹಿಲ್ ಎಂಬ ವಿದ್ವಾಂಸರು 1920ರ ದಶಕದಲ್ಲಿ ಓಡುವವರ ಉಸಿರನ್ನು ಚೀಲಗಳಲ್ಲಿ ಹಿಡಿದು ಪರೀಕ್ಷಿಸಿ, ಇದಕ್ಕೊಂದು ಮೇರೆಯುಂಟೆಂದು ತೋರಿಸಿದರು.

ಅಂತಹ ಸಾಮಗ್ರಿಯು ಶಾಲೆಗಳಲ್ಲಿ ಸುಲಭವಾಗಿ ದೊರೆಯುವಂತಹದಲ್ಲ. ಆದುದರಿಂದ ನಾಡಿಯಿಂದಲೇ ಅಂದಾಜು ಮಾಡುವ ಉಪಾಯಗಳು ಹುಟ್ಟಿದವು. ಬಲವಾದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುವುದರಿಂದ, ಅದೇ ಕೆಲಸಕ್ಕೆ ಕಡಿಮೆ ಸಲ ಬಡಿಯುತ್ತದೆ. 1943ರಲ್ಲಿ ಅಮೇರಿಕದ ಹಾರ್ವರ್ಡಿನಲ್ಲಿ ಬ್ರೂಹಾ ಎಂಬವರು, 20 ಅಂಗುಲ ಎತ್ತರದ ಮಣೆಯನ್ನು ನಿಮಿಷಕ್ಕೆ 30 ಸಲದಂತೆ 5 ನಿಮಿಷ ಹತ್ತಿಳಿಯುವ ಪರೀಕ್ಷೆಯನ್ನು ಪ್ರಕಟಿಸಿದರು. ಅದು ತರುಣರಿಗಾಗಿ ಏರ್ಪಟ್ಟುದು. ಗಿಡ್ಡ ಕಾಲಿನ ಬಾಲೆಗೆ ಅಷ್ಟು ಎತ್ತರವನ್ನು ಕೊಟ್ಟರೆ, ಹೃದಯವು ದಣಿಯುವುದಕ್ಕೆ ಮೊದಲೇ ಕಾಲು ಸೋಲುತ್ತದೆ. ಅದು ಅಳತೆಗೋಲಿನ ದೋಷವೇ ಹೊರತು ಅವಳ ದೋಷವಲ್ಲ.

ಕಾಲೇಜಿನ ಸ್ತ್ರೀಯರಿಗಾಗಿ ಮಕಾರ್ಡಲ್ ಮತ್ತು ಸಂಗಡಿಗರು 1972ರಲ್ಲಿ ಬೇರೊಂದು ಕ್ರಮವನ್ನು ಪ್ರಕಟಿಸಿದರು. ಮಣೆಯ ಎತ್ತರವು 16¼ ಅಂಗುಲ. ನಿಮಿಷಕ್ಕೆ 22 ಸಲದಂತೆ 3 ನಿಮಿಷ ಹತ್ತಿಳಿಯಬೇಕು. ನಿಂತ 5 ಸೆಕೆಂಡುಗಳ ತರುವಾಯ 15 ಸೆಕೆಂಡು ನಾಡಿಯನ್ನೆಣಿಸಿ 4ರಿಂದ ಗುಣಿಸಬೇಕು. ಆ ಮೊತ್ತವನ್ನು 0.1847ರಿಂದ ಗುಣಿಸಿ, ಬಂದುದನ್ನು 65.81ರಿಂದ ಕಳೆದರೆ, ದೇಹತೂಕದ ಒಂದು ಕಿಲೋಗ್ರಾಮಿಗೆ ನಿಮಿಷವೊಂದಕ್ಕೆ ಎಷ್ಟು ಮಿಲಿಲೀಟರು ಪ್ರಾಣವಾಯುವೆಂಬುದು ತಿಳಿಯುತ್ತದೆ. ನಾಡಿಯು 40 ಸಲ ಮಿಡಿದರೆ ನಿಮಿಷಕ್ಕೆ 160. ಉತ್ತರವು ಸುಮಾರು 36. ಅಭ್ಯಾಸದಿಂದ ಅದು 36 ಮಿಡಿತಕ್ಕೆ ಇಳಿದರೆ ಉತ್ತರವು ಸುಮಾರು 39ಕ್ಕೆ ಏರುತ್ತದೆ.

ಇದು ಅಂದಾಜೇ ಎಂಬುದನ್ನು ನಾವು ಮರೆಯಲಾಗದು. ಆದುದರಿಂದ ನೆರೆಯವಳೊಡನೆ ಹೋಲಿಸುವುದಕ್ಕಿಂತ, ತನ್ನ ಹಿಂದಿನ ಅಳತೆಯೊಡನೆ ಹೋಲಿಸಿಕೊಳ್ಳುವುದೇ ಲೇಸು. ಜ್ವರವಿರುವವರೂ ಹೃದ್ರೋಗವುಳ್ಳವರೂ ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಮಾಡಬಾರದು. ತಲೆ ತಿರುಗಿದರೆ ಒಡನೆ ನಿಲ್ಲಿಸಬೇಕು. ರಕ್ತಹೀನತೆಯುಳ್ಳವಳ ರಕ್ತವು ಪ್ರಾಣವಾಯುವನ್ನು ಕಡಿಮೆ ಹೊರುವುದರಿಂದ ಅವಳ ನಾಡಿಯು ಬೇಗಬೇಗನೆ ಮಿಡಿಯುತ್ತದೆ. ಮೆಟ್ಟಲು ಹತ್ತುವಾಗ ಏದುವ ಹುಡುಗಿಯನ್ನು ನಾವು ಸೋಮಾರಿಯೆಂದು ಗದರಿಸುವ ಮೊದಲು ಅವಳನ್ನು ವೈದ್ಯರಿಗೆ ತೋರಿಸೋಣ. ಅವಳಿಗೆ ಬೇಕಾದುದು ಬುದ್ಧಿವಾದವಲ್ಲ, ಔಷಧವೂ ಒಳ್ಳೆಯ ಆಹಾರವೂ ಆಗಿರಬಹುದು.